ಅಜ್ಜಿಯನ್ನು ‘ಮುದಿ ನರಿ’ ಅನ್ನಬಹುದಾ? ಇಂಗ್ಲಿಷಿನ ಫಾಕ್ಸ್, ನಮ್ಮ ನರಿ

ಓದುಬರಹ

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಸಾಲಿನ ಮುಂದೆ ನಾಲ್ಕು ದಿನದಿಂದ ಕೂತಿದ್ದೇನೆ. ದಾರಿ ತೋರಿಸಿ.

ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮೊಮ್ಮಗ ತನ್ನ ಅಜ್ಜಿಯನ್ನು ‘ಸ್ಲೈ ಓಲ್ಡ್ ಫಾಕ್ಸ್’ ಅನ್ನುತ್ತಾನೆ. ಸಾಲ ಕೇಳೋಕೆ ಬಂದ ನೆಂಟನಿಗೆ ಅಜ್ಜಿ ಟೀ ಕೊಡುತ್ತಾಳೆ. ಊರ ಸುದ್ದಿ ಮಾತಾಡುತ್ತಾಳೆ. ಮಾತಿನ ಮಧ್ಯೆ ಅವನ ಹಳೇ ಬಾಕಿಯನ್ನು ಅವನ ಬಾಯಿಂದಲೇ ಹೇಳಿಸುತ್ತಾಳೆ. ಇಸ್ಕೊಂಡು ಹೋಗೋಕೆ ಬಂದವನು ಕೊಟ್ಟು ಹೋಗುತ್ತಾನೆ. ಪಕ್ಕದಲ್ಲೇ ಕೂತು ಇದನ್ನೆಲ್ಲ ನೋಡಿದ ಹುಡುಗ ಹೆಮ್ಮೆಯಿಂದ ಆಡುವ ಮಾತು ಅದು.

ನಾನು ‘ನಮ್ಮಜ್ಜಿ ಒಂದು ಠಕ್ಕ ಮುದಿ ನರಿ’ ಅಂತ ಬರೆದೆ. ಅಡುಗೆಮನೆಯಲ್ಲಿ ಅಮ್ಮನಿಗೆ ಓದಿ ಹೇಳುತ್ತಿದ್ದೆ, ಅವರು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳುತ್ತಿದ್ದರು. ಈ ಸಾಲಿಗೆ ಬಂದಾಗ ಅವರ ಕೈ ನಿಂತಿತು. ‘ಸ್ವಂತ ಅಜ್ಜಿನ ಯಾರಾದ್ರೂ ಹಿಂಗಂತಾರೇನೇ? ಆ ಹುಡುಗನಿಗೆ ಅಜ್ಜಿ ಕಂಡ್ರೆ ಆಗಲ್ವಾ?’ ಅಂದರು.

ಫಾಕ್ಸ್ ಅಂದರೆ ನರಿ, ಓಲ್ಡ್ ಅಂದರೆ ಮುದಿ. ಪದ ಪದ ಹಿಡಿದು ನೋಡಿದರೆ ತಪ್ಪಿಲ್ಲ. ಆದರೂ ಹೊಗಳಿಕೆ ಹೋಗಿ ಬೈಗುಳ ಆಗಿಬಿಟ್ಟಿದೆ. ಇಂಗ್ಲಿಷಿನವರು ಮನುಷ್ಯರನ್ನು ಫಾಕ್ಸಿಗೆ ಹೋಲಿಸುವಾಗ ನಿಜವಾಗಿ ಏನು ಹೇಳುತ್ತಾರೆ? ಮುಂದಿನ ಪುಟಗಳಲ್ಲಿ ಫಾಕ್ಸಿ, ವಿಕ್ಸನ್, ಔಟ್‌ಫಾಕ್ಸ್ ಎಲ್ಲ ಬರುತ್ತವೆ. ಅದಕ್ಕೇ ಒಟ್ಟಿಗೆ ಕೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು

ನಿಮ್ಮ ತಾಯಿ ಹೇಳಿದ್ದೇ ಸರಿ ಕಣಮ್ಮ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ. ಮಕ್ಕಳು ಎಡವುತ್ತಿದ್ದದ್ದೂ ಇಲ್ಲೇ.

‘ಸ್ಲೈ ಆ್ಯಸ್ ಎ ಫಾಕ್ಸ್’ ಅಂದಾಗ ಕುಯುಕ್ತಿ ಅನ್ನುವ ಅರ್ಥ ಇದ್ದೇ ಇದೆ. ಆದರೆ ಅದರ ಜೊತೆಗೆ ‘ಇವನನ್ನು ಯಾರೂ ಏಮಾರಿಸೋಕೆ ಆಗಲ್ಲ’ ಅನ್ನುವ ಮೆಚ್ಚುಗೆಯೂ ಇರುತ್ತದೆ. ‘ಓಲ್ಡ್’ ಸೇರಿಕೊಂಡರೆ ಮೆಚ್ಚುಗೆ ಇನ್ನೂ ಜಾಸ್ತಿ. ನಮ್ಮ ‘ಮುದಿ’ಯಲ್ಲಿ ಆ ಗೌರವ ಇಲ್ಲ. ಅವರ ಓಲ್ಡ್ ಇಲ್ಲಿ ನಮ್ಮ ‘ಪಳಗಿದ ಕೈ’ಗೆ ಹತ್ತಿರ.

ಕ್ರಿಯಾಪದವಾದಾಗ ನೋಡಿ. ‘ಔಟ್‌ಫಾಕ್ಸ್’ ಅಂದರೆ ಎದುರಾಳಿಯನ್ನು ಅವನದೇ ಆಟದಲ್ಲಿ ಬುದ್ಧಿಯಿಂದ ಸೋಲಿಸುವುದು. ನಮ್ಮಲ್ಲಿ ಇದಕ್ಕೆ ಚಿನ್ನದಂಥ ಮಾತಿದೆ, ಚಳ್ಳೆಹಣ್ಣು ತಿನ್ನಿಸುವುದು. ‘ಐ ವಾಸ್ ಫಾಕ್ಸ್ಡ್’ ಅಂದರೆ ಮಾತ್ರ ನಾನು ನರಿಯಾದೆ ಅಂತಲ್ಲ, ಕಕ್ಕಾಬಿಕ್ಕಿಯಾದೆ ಅಂತ. ಇದೇ ಪದಕ್ಕೆ ಹದಿನೇಳನೇ ಶತಮಾನದಲ್ಲಿ ಕುಡಿದು ಚಿತ್ತಾದೆ ಅನ್ನುವ ಅರ್ಥವಿತ್ತು. 1660ರ ದಶಕದಲ್ಲಿ ದಿನಚರಿ ಬರೆದ ಸ್ಯಾಮ್ಯುಯಲ್ ಪೀಪ್ಸ್ ಅದೇ ಅರ್ಥದಲ್ಲಿ ಬಳಸುತ್ತಾನೆ. ‘ಕ್ರೇಜಿ ಲೈಕ್ ಎ ಫಾಕ್ಸ್’ ಇನ್ನೊಂದು. ಅವನು ಹುಚ್ಚನ ಹಾಗೆ ಕಾಣುತ್ತಾನೆ, ಆದರೆ ಲೆಕ್ಕ ಮಾತ್ರ ಎಲ್ಲೂ ತಪ್ಪಲ್ಲ ಅಂತ. ಇನ್ನು ಕೋಳಿಗೂಡಿಗೆ ಫಾಕ್ಸನ್ನು ಕಾವಲಿಟ್ಟ ಹಾಗೆ ಅನ್ನುವ ಮಾತಿನಲ್ಲಿ ಮೆಚ್ಚುಗೆ ಏನೂ ಇಲ್ಲ. ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ ಅಂತ ನಾವು ಹೇಳುತ್ತೇವಲ್ಲ, ಅದೇ.

ವಿಕ್ಸನ್ ಅಂದರೆ ಹೆಣ್ಣು ಫಾಕ್ಸ್. ಫಾಕ್ಸ್ ‘ಫ’ದಿಂದ ಶುರು, ವಿಕ್ಸನ್ ‘ವ’ದಿಂದ, ಯಾಕೆ ಅಂತ ಮಕ್ಕಳು ಕೇಳುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಅದೂ ‘ಫ’ದಿಂದಲೇ ಇತ್ತು. ಇಂಗ್ಲೆಂಡಿನ ದಕ್ಷಿಣದ ಹಳ್ಳಿಗರು ಪದದ ಮೊದಲ ‘ಫ’ವನ್ನು ‘ವ’ ಅಂತ ನುಡಿಯುತ್ತಿದ್ದರು. ಗಂಡಿನ ಹೆಸರು ಒಂದು ಸೀಮೆಯ ಬಾಯಿಂದ ಬಂತು, ಹೆಣ್ಣಿನ ಹೆಸರು ಇನ್ನೊಂದು ಸೀಮೆಯ ಬಾಯಿಂದ ಬಂತು. ಎರಡೂ ಹಾಗೇ ನಿಂತುಬಿಟ್ಟವು. ತೊಟ್ಟಿ ಅನ್ನುವ ಅರ್ಥದ ‘ವ್ಯಾಟ್’, ಗಾಳಿ ದಿಕ್ಕು ತೋರಿಸುವ ‘ವೇನ್’ ಕೂಡ ಇದೇ ದಾರಿಯಲ್ಲಿ ಬಂದವು.

ಹುಲ್ಲುಗಾವಲು

ಮೇಷ್ಟ್ರು ಪದದ ಕಡೆಯಿಂದ ಹೇಳಿದರು. ನಾನು ಪ್ರಾಣಿಯ ಕಡೆಯಿಂದ ಹೇಳುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳು ಒಂದೇ ಹೆಸರಿನ ಕೆಳಗೆ ಸೇರಿಕೊಂಡಿವೆ.

ಕನ್ನಡದಲ್ಲಿ ನರಿ ಊಳಿಡುತ್ತದೆ, ಅಲ್ವಾ? ‘ನರಿ ಕೂಗು ಗಿರಿ ಮುಟ್ಟೀತೇ’ ಅಂತ ಗಾದೆಯೇ ಇದೆ. ಸಂಜೆಯಾದ ಮೇಲೆ ಊರಾಚೆ ಗುಂಪಾಗಿ ಊಳಿಡುವುದು ಇಂಗ್ಲಿಷಿನವರು ಜಾಕಲ್ ಅನ್ನುವ ಪ್ರಾಣಿ. ಅದು ನಾಯಿ, ತೋಳದ ಹತ್ತಿರದ ಬಳಗ. ಹುಲಿ ತಿಂದು ಬಿಟ್ಟಿದ್ದು, ಸ್ಮಶಾನದ ಹತ್ತಿರ ಸಿಕ್ಕಿದ್ದು, ಊರ ಕಸ, ಎಲ್ಲವನ್ನೂ ತಿನ್ನುತ್ತದೆ. ನಮ್ಮ ಮಾತಿನ ನರಿಗೆ ಅಂಟಿದ ಅಸಹ್ಯ ಅಲ್ಲಿಂದ ಬಂದಿದ್ದು ಅಂತ ನನ್ನ ನಂಬಿಕೆ.

ಇಂಗ್ಲೆಂಡಿನ ಫಾಕ್ಸ್ ಬೇರೆಯೇ. ಕೆಂಪು ಮೈ, ದಪ್ಪ ಬಾಲ, ಬಾಲದ ತುದಿ ಹೆಚ್ಚಾಗಿ ಬಿಳಿ. ಬೇಟೆಗೆ ಒಂಟಿಯಾಗಿ ಹೋಗುತ್ತದೆ. ನಮ್ಮ ದೇಶದಲ್ಲಿ ಅದು ಇರುವುದು ಹಿಮಾಲಯ ಮತ್ತು ವಾಯವ್ಯದ ಒಣ ಸೀಮೆಗಳಲ್ಲಿ. ನಮ್ಮ ಬಯಲುಸೀಮೆಯಲ್ಲಿರುವ ಫಾಕ್ಸ್ ಜಾತಿ ಇನ್ನೂ ಚಿಕ್ಕದು, ಎರಡು ಮೂರು ಕೆಜಿ ತೂಗುತ್ತದೆ. ಅದರ ಬಾಲದ ತುದಿ ಕಪ್ಪು.

ಕೊಪ್ಪಳದ ಕಡೆ ಹುಲ್ಲುಗಾವಲಿನಲ್ಲಿ ಒಂದು ಸಂಜೆ ಅದನ್ನು ಹತ್ತಿರದಿಂದ ನೋಡಿದೆ. ಬಿಲದ ಬಾಯಲ್ಲಿ ಕೂತಿತ್ತು. ಮೈಗಿಂತ ಕಿವಿಯೇ ದೊಡ್ಡದು ಅನ್ನಿಸಿತು. ನಾನು ಕೂತೆ, ಅದೂ ಕೂತೇ ಇತ್ತು. ಹುಲ್ಲಿನೊಳಗೆ ಏನೋ ಸರ್ರ್ ಅಂದಿತು. ನನ್ನ ಮೇಲಿನ ಕಣ್ಣು ತೆಗೆಯದೆ ಒಂದು ಕಿವಿ ಮಾತ್ರ ಆ ಕಡೆ ತಿರುಗಿಸಿತು. ಎರಡು ಸೆಕೆಂಡ್ ಆಯಿತೋ ಇಲ್ಲವೋ, ನೆಗೆದು ಮಿಡತೆ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂತಿತು. ಇದನ್ನು ನೋಡಿದವರು ಫಾಕ್ಸ್ ಅನ್ನುವ ಪದವನ್ನು ಬೈಗುಳ ಅಂತ ಅಂದುಕೊಳ್ಳಲ್ಲ.

ಕೋಲಾರದವ

ಒಂದು ಮಾತು. ನರಿ ಅಂದರೆ ಕನ್ನಡದಲ್ಲಿ ಬರೀ ಕೆಟ್ಟದ್ದು ಅಂತಲೂ ಇಲ್ಲ. ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ‘ಇವತ್ತು ಯಾವ ನರಿ ಮುಖ ನೋಡಿ ಎದ್ದೆಯಪ್ಪ’ ಅಂತ ನಮ್ಮಮ್ಮ ಈಗಲೂ ಕೇಳುತ್ತಾರೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆ ನರಿ ಮದುವೆ. ಆದರೆ ಮನುಷ್ಯನನ್ನೇ ನರಿ ಅಂದರೆ ಅದು ಬೈಗುಳವೇ. ‘ನರಿ ಬುದ್ಧಿ’ ಅಂದರೆ ಮುಗೀತು.

ಲೀಡ್ಸ್ ಕನ್ನಡತಿ

ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ಫಾಕ್ಸ್ ಕಾಡಿನ ಪ್ರಾಣಿ ಮಾತ್ರ ಅಲ್ಲ, ಬೀದಿಯದೂ ಹೌದು. ರಾತ್ರಿ ಪಾಳಿ ಮುಗಿಸಿ ಬರುವಾಗ ಕಸದ ಡಬ್ಬಿಯ ಹತ್ತಿರ ನಿಂತಿರುತ್ತದೆ. ನಾಯಿ ಆದರೆ ಓಡುತ್ತೆ ಅಥವಾ ಬೊಗಳುತ್ತೆ. ಇದು ಎರಡೂ ಮಾಡಲ್ಲ. ನಿಮ್ಮನ್ನೊಮ್ಮೆ ಅಳೆದು ನೋಡಿ, ಅವಸರ ಇಲ್ಲದೆ ಬೇಲಿಯ ಸಂದಿಯಲ್ಲಿ ನುಸುಳಿ ಹೋಗುತ್ತದೆ.

ಜನವರಿ ಅದರ ಜೋಡಿ ಕೂಡುವ ಕಾಲ. ಆಗ ಹೆಣ್ಣು ಕಿರುಚುವುದನ್ನು ಕೇಳಬೇಕು. ಮೊದಲ ವರ್ಷ ರಾತ್ರಿ ಎರಡು ಗಂಟೆಗೆ ಯಾರನ್ನೋ ಕತ್ತು ಹಿಸುಕುತ್ತಿದ್ದಾರೆ ಅಂತ ಎದ್ದು ಕೂತಿದ್ದೆ. ಪಕ್ಕದ ಮನೆಯ ಅಜ್ಜಿ ಮರುದಿನ ‘ಅದು ವಿಕ್ಸನ್ ಮಗಳೇ’ ಅಂದರು. ಜಗಳಗಂಟಿ ಹೆಂಗಸಿಗೆ ಆ ಹೆಸರು ಇಟ್ಟವರ ಕಿವಿಯಲ್ಲಿ ಯಾವ ಸದ್ದು ಇತ್ತು ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಪದ, ‘ಸಿಲ್ವರ್ ಫಾಕ್ಸ್’. ನಾನು ಕೆಲಸ ಮಾಡುವ ಕಡೆ ಐವತ್ತೈದರ ಆಸುಪಾಸಿನ ಒಬ್ಬರಿದ್ದರು. ತಲೆ ಪೂರ್ತಿ ನೆರೆತಿತ್ತು. ಊಟದ ಹೊತ್ತಲ್ಲಿ ಹೆಂಗಸರೆಲ್ಲ ಅವರನ್ನು ಸಿಲ್ವರ್ ಫಾಕ್ಸ್ ಅನ್ನುತ್ತಿದ್ದರು. ಪಾಪ, ಅಷ್ಟು ಒಳ್ಳೆಯ ಮನುಷ್ಯನನ್ನು ಕಪಟಿ ಅನ್ನುತ್ತಾರಲ್ಲ ಅಂತ ನನಗೆ ಬೇಜಾರಾಗಿತ್ತು. ತಿಂಗಳಾದ ಮೇಲೆ ತಿಳಿಯಿತು, ಅದು ಹೊಗಳಿಕೆ. ಕೂದಲು ಬೆಳ್ಳಗಾದ ಮೇಲೂ ನೋಡೋಕೆ ಚೆನ್ನಾಗಿರುವ ಗಂಡಸಿಗೆ ಆ ಹೆಸರು. ಕುಯುಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹುಲ್ಲುಗಾವಲು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಇಂಗ್ಲಿಷರಿಗೆ ಫಾಕ್ಸಿನ ಬುದ್ಧಿ ಗೊತ್ತಾಗಿದ್ದು ಬೇಟೆಯಿಂದ. ಕುದುರೆ ಹತ್ತಿ, ನಾಯಿಗಳ ಹಿಂಡು ಬಿಟ್ಟು, ಅದನ್ನು ಮೈಲಿಗಟ್ಟಲೆ ಅಟ್ಟುತ್ತಿದ್ದರು. ಅದು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ, ಹಳ್ಳದ ನೀರಿಗೆ ಇಳಿದು, ವಾಸನೆ ಮುರಿದು ತಪ್ಪಿಸಿಕೊಳ್ಳುತ್ತಿತ್ತು. ಕೈಗೆ ಸಿಗದಿದ್ದಕ್ಕೇ ಅದರ ಮೇಲೆ ಗೌರವ. ನಾಯಿ ಹಿಂಡು ಬಿಟ್ಟು ಆಡುವ ಈ ಬೇಟೆಯನ್ನು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2004ರ ಕಾಯಿದೆ ನಿಷೇಧಿಸಿತು. ಪ್ರಾಣಿಗೆ ಈಗಲಾದರೂ ನೆಮ್ಮದಿ ಸಿಗಲಿ.

ಕೋಟೆ ಕೊತ್ತಲ

ಮೇಡಂ ಬೇಟೆ ಅಂದದ್ದಕ್ಕೆ ನೆನಪಾಯಿತು. ಬ್ರಿಟಿಷರು ನೀಲಗಿರಿಗೆ ಬಂದಾಗ ಅಲ್ಲಿ ಅವರ ಫಾಕ್ಸ್ ಇರಲಿಲ್ಲ. ಊಟಿಯ ಬೇಟೆ ಕೂಟದವರು ಅದೇ ಕೋಟು, ಅದೇ ನಾಯಿ ಹಿಂಡು ಇಟ್ಟುಕೊಂಡು ನಮ್ಮ ನರಿಯನ್ನು, ಅಂದರೆ ಜಾಕಲ್ ಅನ್ನು ಅಟ್ಟಿದರು. ಫಾಕ್ಸಿನ ಜಾಗಕ್ಕೆ ನರಿಯನ್ನು ತಂದು ನಿಲ್ಲಿಸಿದ್ದು ಅನುವಾದಕರು ಮಾತ್ರ ಅಲ್ಲ.

ಯುದ್ಧದ ಚರಿತ್ರೆಯಲ್ಲಿ ಈ ಹೆಸರು ಸಿಗುವ ರೀತಿ ನನಗೆ ತುಂಬಾ ಇಷ್ಟ. ಯಾಕೆಂದರೆ ಹೆಚ್ಚಿನ ಸಲ ಹೆಸರಿನ ಹಿಂದೆ ಎದುರಾಳಿಯ ಬಾಯಿ ಇರುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೌತ್ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಅಂತ ಒಬ್ಬನಿದ್ದ. ಸಣ್ಣ ತಂಡ ಕಟ್ಟಿಕೊಂಡು ಹೊಡೆದು ಜೌಗಿನೊಳಗೆ ಮಾಯವಾಗುತ್ತಿದ್ದ. 1780ರ ನವೆಂಬರಿನಲ್ಲಿ ಬ್ರಿಟಿಷ್ ಅಧಿಕಾರಿ ಟಾರ್ಲ್‌ಟನ್ ಅವನನ್ನು ಗಂಟೆಗಟ್ಟಲೆ ಅಟ್ಟಿ, ಕೊನೆಗೆ ಜೌಗಿನ ಮುಂದೆ ಕುದುರೆ ನಿಲ್ಲಿಸಿ, ‘ಈ ಹಾಳು ಮುದಿ ಫಾಕ್ಸನ್ನು ಸೈತಾನನೂ ಹಿಡಿಯಲಾರ’ ಅಂದನಂತೆ. ಮೇರಿಯನ್ ‘ಜೌಗಿನ ಫಾಕ್ಸ್’ ಆಗಿ ಉಳಿದ.

ಇದಕ್ಕಿಂತ ನಮಗೆ ಹತ್ತಿರದ ಹೆಸರು ಕಾರ್ನ್‌ವಾಲಿಸ್. ಹೌದು, ಅವನೇ. 1777ರ ಜನವರಿ 2ರ ಸಂಜೆ ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ ಜಾರ್ಜ್ ವಾಷಿಂಗ್ಟನ್ ಒಂದು ಹಳ್ಳದ ಆಚೆ ಸಿಕ್ಕಿಹಾಕಿಕೊಂಡಿದ್ದ. ಹಿಂದೆ ನದಿ, ಮುಂದೆ ಬ್ರಿಟಿಷ್ ಸೈನ್ಯ. ‘ಓಲ್ಡ್ ಫಾಕ್ಸ್ ಸಿಕ್ಕಿಬಿದ್ದಿದೆ, ಬೆಳಿಗ್ಗೆ ಚೀಲಕ್ಕೆ ಹಾಕಿಕೊಳ್ಳೋಣ’ ಅಂತ ಕಾರ್ನ್‌ವಾಲಿಸ್ ಹೇಳಿ ಮಲಗಿದನಂತೆ. ರಾತ್ರಿಯಿಡೀ ಆಚೆ ದಡದಲ್ಲಿ ಬೆಂಕಿ ಉರಿಯುತ್ತಲೇ ಇತ್ತು. ಬೆಂಕಿ ಉರಿಸೋಕೆ ಒಂದಷ್ಟು ಜನರನ್ನು ಬಿಟ್ಟು, ಫಿರಂಗಿ ಗಾಡಿಗಳ ಚಕ್ರಕ್ಕೆ ಬಟ್ಟೆ ಸುತ್ತಿ, ಸದ್ದಿಲ್ಲದೆ ಬಳಸುದಾರಿಯಲ್ಲಿ ಹೋದ ವಾಷಿಂಗ್ಟನ್ ಬೆಳಗಾಗುವಷ್ಟರಲ್ಲಿ ಪ್ರಿನ್ಸ್‌ಟನ್ ತಲುಪಿ ಅಲ್ಲಿನ ಬ್ರಿಟಿಷ್ ಪಡೆಯ ಮೇಲೆ ಬಿದ್ದ. ಮೇಷ್ಟ್ರ ಚಳ್ಳೆಹಣ್ಣು ಇಲ್ಲಿ ಸರಿಯಾಗಿ ಕೂರುತ್ತೆ.

ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಮಾಡಿಸಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ.

ರೊಮೆಲ್ ಕಥೆ ಎಲ್ಲರಿಗೂ ಗೊತ್ತು. 1941ರಿಂದ ಉತ್ತರ ಆಫ್ರಿಕಾದಲ್ಲಿ ಕಾದಾಡಿದ ಜರ್ಮನ್ ಸೇನಾಪತಿ, ‘ಡೆಸರ್ಟ್ ಫಾಕ್ಸ್’. ಅವನನ್ನು ಮರುಭೂಮಿಯ ನರಿ ಅಂತ ಕನ್ನಡದಲ್ಲಿ ಬರೆದಾಗಲೆಲ್ಲ ನನಗೆ ಕಸಿವಿಸಿ. ಯುದ್ಧ ನಡೆಯುತ್ತಿದ್ದಾಗಲೇ, 1942ರ ಜನವರಿಯಲ್ಲಿ, ಚರ್ಚಿಲ್ ಸಂಸತ್ತಿನಲ್ಲಿ ನಿಂತು ಅವನನ್ನು ದೊಡ್ಡ ಸೇನಾನಿ ಅಂದಿದ್ದ. ನರಿಗೆ ಶತ್ರು ಅಷ್ಟು ಮರ್ಯಾದೆ ಕೊಡಲ್ಲ.

ಮಂಗಳೂರು ಹುಡುಗ

ಎಲ್ಲಾ ಕಡೆ ಹೊಗಳಿಕೆ ಅಂತ ಆಗಬಾರದು. ಲೂಕನ ಸುವಾರ್ತೆ, 13ನೇ ಅಧ್ಯಾಯ. ಹೆರೋದ ರಾಜ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ ಅಂತ ಬಂದು ಹೇಳಿದವರಿಗೆ ಯೇಸು ‘ಹೋಗಿ ಆ ನರಿಗೆ ಹೇಳಿರಿ’ ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಅಲ್ಲಿರುವುದು ಫಾಕ್ಸ್. ಚರ್ಚಿನಲ್ಲಿ ಇದನ್ನು ಕನ್ನಡದಲ್ಲಿ ಓದುವಾಗ ತಿರಸ್ಕಾರ ಪೂರ್ತಿ ಕಿವಿಗೆ ಬೀಳುತ್ತದೆ. ಅಂಥ ಜಾಗದಲ್ಲಿ ನರಿಯೇ ಇರಲಿ, ಬದಲಿಸಬೇಡಿ.

ಸಂಪಿಗೆ

ಇಷ್ಟು ಹೊತ್ತು ಓದಿದೆ. ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನ ಮನಸ್ಸು ಬೇರೊಂದು ಕಡೆ ಹೋಗಿದೆ.

ವಾಷಿಂಗ್ಟನ್, ಮೇರಿಯನ್, ರೊಮೆಲ್, ಆ ಸಿಲ್ವರ್ ಫಾಕ್ಸ್ ಸಾಹೇಬರು. ಎಲ್ಲರೂ ಗಂಡಸರು. ಅವರನ್ನು ಫಾಕ್ಸ್ ಅಂದಾಗ ಬುದ್ಧಿ ಕಾಣುತ್ತದೆ, ಅನುಭವ ಕಾಣುತ್ತದೆ, ವಯಸ್ಸಿನ ಕಳೆ ಕಾಣುತ್ತದೆ. ಹೆಂಗಸಿಗೆ ಇದೇ ಪ್ರಾಣಿಯ ಹೆಸರು ಬಂದಾಗ ಏನು ಸಿಗುತ್ತದೆ? ವಿಕ್ಸನ್ ಅಂದರೆ ಬಾಯಿ ಜೋರು, ಕೋಪ ಜಾಸ್ತಿ. ನಮ್ಮ ಗಯ್ಯಾಳಿ, ಬಜಾರಿ ಇದ್ದ ಹಾಗೆ. ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಹೆಲೆನಾ ತನ್ನ ಗೆಳತಿಯನ್ನು ಹೀಗೇ ಹಂಗಿಸುತ್ತಾಳೆ. ಶಾಲೆಗೆ ಹೋಗುವಾಗಲೇ ಇವಳು ವಿಕ್ಸನ್, ಆಳು ಚಿಕ್ಕದಾದರೂ ಉಗ್ರ ಅಂತ. ಇನ್ನೊಂದು, ಅಮೆರಿಕದ ಆಡುಮಾತಿನ ಫಾಕ್ಸ್ ಮತ್ತು ಫಾಕ್ಸಿ. ಹುಡುಗಿ ನೋಡೋಕೆ ಮಾದಕವಾಗಿದ್ದಾಳೆ ಅಂತ ಅರ್ಥ. ವಿಕ್ಸನ್ ಕೂಡ ಈಗೀಗ ಆ ಕಡೆಗೇ ವಾಲಿದೆ.

ಅಂದರೆ ಗಂಡು ಫಾಕ್ಸ್ ಆದರೆ ತಲೆ. ಹೆಣ್ಣು ಫಾಕ್ಸ್ ಆದರೆ ನಾಲಿಗೆ ಅಥವಾ ಮೈ. ಇದು ನನಗೆ ನೋವಿನ ವಿಷಯ. ನಮ್ಮ ಭಾಷೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ರಾಜಕೀಯದಲ್ಲಿ ತಂತ್ರ ಮಾಡುವ ಗಂಡಸನ್ನು ಪೇಪರಿನವರು ಚಾಣಕ್ಯ ಅನ್ನುತ್ತಾರೆ. ಅದೇ ಕೆಲಸ ಮಾಡಿದ ಹೆಂಗಸಿಗೆ ಅಷ್ಟು ಸಲೀಸಾಗಿ ಆ ಹೆಸರು ಕೊಡಲ್ಲ.

ಅದಕ್ಕೇ ಓದುಬರಹ ಅವರೇ, ನಿಮ್ಮ ಕಥೆಯ ಆ ಸಾಲು ಬಹಳ ಮುಖ್ಯ. ಅಲ್ಲಿ ಒಬ್ಬ ಹುಡುಗ ತನ್ನ ಅಜ್ಜಿಗೆ ಸೇನಾಪತಿಗಳಿಗೆ ಕೊಡುವ ಹೆಸರು ಕೊಟ್ಟಿದ್ದಾನೆ. ವಿಕ್ಸನ್ ಅಂದಿಲ್ಲ, ಫಾಕ್ಸ್ ಅಂದಿದ್ದಾನೆ. ಅವಳ ತಲೆಯನ್ನು ಹೊಗಳಿದ್ದಾನೆ. ಅನುವಾದದಲ್ಲಿ ಪ್ರಾಣಿ ಹೋದರೆ ಹೋಗಲಿ. ತಲೆ ಮಾತ್ರ ಉಳಿಯಲೇಬೇಕು.

ನಿವೃತ್ತ ಮೇಷ್ಟ್ರು

ಸಂಪಿಗೆಯವರೇ, ಇಷ್ಟು ವರ್ಷ ಪಾಠ ಮಾಡಿದವನಿಗೂ ಇದು ಹೊಳೆದಿರಲಿಲ್ಲ. ಷೇಕ್ಸ್‌ಪಿಯರನ ಆ ಸಾಲನ್ನು ನಾನು ಮಕ್ಕಳಿಗೆ ‘ಇವಳು ಸೂಜಿಮೆಣಸು’ ಅಂತ ಹೇಳಿಕೊಡುತ್ತಿದ್ದೆ. ಸಣ್ಣದು, ಖಾರ ಜಾಸ್ತಿ. ಅಲ್ಲಿ ನರಿಯೂ ಬೇಡ, ಗಯ್ಯಾಳಿಯೂ ಬೇಡ.

ಇನ್ನೊಂದು ವಿಷಯ. ಬುದ್ಧಿಯ ನರಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಪಂಚತಂತ್ರದ ಕರಟಕ ದಮನಕರು ನರಿಗಳೇ, ಸಿಂಹರಾಜನ ಹತ್ತಿರ ಮಂತ್ರಿಯ ಮಕ್ಕಳು. ದುರ್ಗಸಿಂಹ ಆ ಕಥೆಗಳನ್ನು ಸುಮಾರು 1031ರಲ್ಲೇ ಕನ್ನಡಕ್ಕೆ ತಂದ. ಅರಬ್ಬಿಗೆ ಹೋದಾಗ ಅವೇ ಎರಡು ಹೆಸರು ಕಲೀಲ, ದಿಮ್ನ ಆದವು. ಆದರೆ ಇವತ್ತಿಗೂ ಇಬ್ಬರು ಸೇರಿ ಪಿತೂರಿ ಮಾಡಿದರೆ ‘ಕರಟಕ ದಮನಕ ಜೋಡಿ’ ಅನ್ನುತ್ತೇವೆ. ಬುದ್ಧಿ ಒಪ್ಪುತ್ತೇವೆ, ನಂಬಿಕೆ ಕೊಡಲ್ಲ.

ಯೂರೋಪಿನ ಕಥೆಯ ಫಾಕ್ಸಿಗೆ ರೆನಾರ್ಡ್ ಅಂತ ಹೆಸರಿತ್ತು. ಸಿಂಹರಾಜನ ಆಸ್ಥಾನದಲ್ಲಿ ತಪ್ಪಿತಸ್ಥನಾಗಿ ನಿಂತು, ಬಾಯಿ ಮಾತಿನಿಂದಲೇ ನೇಣು ತಪ್ಪಿಸಿಕೊಳ್ಳುವವನು. ಜನಕ್ಕೆ ಅವನ ಮೇಲೆ ಎಷ್ಟು ಪ್ರೀತಿ ಅಂದರೆ, ಫ್ರೆಂಚರು ಪ್ರಾಣಿಯ ಹಳೇ ಹೆಸರು ‘ಗೂಪಿಲ್’ ಅನ್ನೇ ಬಿಟ್ಟು, ಇಡೀ ಜಾತಿಯನ್ನು ‘ರೆನಾರ್’ ಅಂತಲೇ ಕರೆಯತೊಡಗಿದರು. ಇಂಗ್ಲಿಷಿನಲ್ಲಿ ಆ ಕಥೆಯನ್ನು ಕ್ಯಾಕ್ಸ್‌ಟನ್ 1481ರಲ್ಲಿ ಅಚ್ಚು ಹಾಕಿದ. ಓದುಗರೂ ಕೇಳುಗರೂ ತಲೆಮಾರುಗಳಿಂದ ಅವನ ಪಕ್ಷ. ‘ಓಲ್ಡ್ ಫಾಕ್ಸ್’ನ ಅಕ್ಕರೆಗೆ ಅದೂ ಒಂದು ಬೇರು.

ದ್ರಾಕ್ಷಿ ತೋಟ

ಜನರ ಹೋಲಿಕೆ ಅಲ್ಲ ಇದು, ಆದರೂ ಫಾಕ್ಸಿ ಅಂತ ಬಂದಿದ್ದಕ್ಕೆ ಹೇಳುತ್ತೇನೆ. ನಾವು ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವವರು. ಒತ್ತಿದರೆ ಸಿಪ್ಪೆ ಜಾರಿ ತಿರುಳು ಬಾಯಿಗೆ ಬೀಳುತ್ತದಲ್ಲ, ಅದೇ ಹಣ್ಣು. ಅದರ ಘಮಲನ್ನು ವೈನ್ ತಿಳಿದವರು ಫಾಕ್ಸಿ ಅನ್ನುತ್ತಾರೆ. ಅಮೆರಿಕದಲ್ಲಿ ಅದರ ಮೂಲದ ಕಾಡು ಬಳ್ಳಿಗೆ ಫಾಕ್ಸ್ ಗ್ರೇಪ್ ಅಂತ ಹೆಸರು. ನಿಮ್ಮ ಕಥೆಯಲ್ಲಿ ಫಾಕ್ಸಿ ಎಲ್ಲಿ ಬಂದಿದೆ ನೋಡಿಕೊಳ್ಳಿ. ವೈನಿನ ಪಕ್ಕ ಬಂದಿದ್ದರೆ ಅದು ಹೆಂಗಸೂ ಅಲ್ಲ, ನರಿಯೂ ಅಲ್ಲ.

ಓದುಬರಹ

ಪುಣ್ಯಕ್ಕೆ ಹೇಳಿದಿರಿ ಸರ್! ಹುಡುಕಿ ನೋಡಿದೆ. ಒಂದು ಕಡೆ ಹಳೇ ಪುಸ್ತಕದ ಹಾಳೆ ‘ಫಾಕ್ಸ್ಡ್’ ಅಂತಿದೆ. ಕಂದು ಚುಕ್ಕೆ ಬಿದ್ದ ಹಾಳೆ ಅಂತ ಅರ್ಥ. ಅಲ್ಲೂ ಏನೋ ಬರೆಯಲು ಹೊರಟಿದ್ದೆ, ತಿದ್ದಿದೆ.

ಈಗ ಅಜ್ಜಿಯ ಸಾಲು. ಚತುರೆ ಅಂದರೆ ತೀರಾ ಪುಸ್ತಕದ ಮಾತಾಯಿತು. ಕಿಲಾಡಿ ಅಂದರೆ ವಯಸ್ಸಿನ ತೂಕ ಬರಲ್ಲ. ಘಾಟಿ ಹೇಗೆ?

ಮಂಗಳೂರು ಹುಡುಗ

ನಮ್ಮ ಕಡೆ ಆದರೆ ‘ಅಜ್ಜಿ ಭಾರೀ ಪಾಕಡಾ ಮಾರಾಯ್ರೆ’ ಅನ್ನುತ್ತಿದ್ದೆವು.

ಸಂಪಿಗೆ

ಪಾಕಡಾ ಚೆನ್ನಾಗಿದೆ, ಆದರೆ ಎಲ್ಲ ಕಡೆಯವರಿಗೂ ದಾಟಲ್ಲ. ಘಾಟಿ ಸರಿ. ‘ಘಾಟಿ ಹೆಂಗಸು’ ಅಂತ ಮೂರನೆಯವರು ಅಂದರೆ ಕುಟುಕುತ್ತದೆ. ‘ನಮ್ಮಜ್ಜಿ’ ಅಂತ ಮೊದಲು ಹೇಳಿ ಆಮೇಲೆ ಘಾಟಿ ಅಂದರೆ ಅದರಲ್ಲಿ ಅಕ್ಕರೆ ಬರುತ್ತದೆ. ಬುದ್ಧಿಯೂ ಉಳಿಯುತ್ತದೆ. ಠಕ್ಕ ಅನ್ನುವುದನ್ನು ಪೂರ್ತಿ ತೆಗೆದುಬಿಡಿ.

ಓದುಬರಹ

ಬರೆದೆ. ‘ನಮ್ಮಜ್ಜಿ ಅಂದರೆ ಸುಮ್ನೆ ಅಲ್ಲ, ಮಹಾ ಘಾಟಿ. ಎಂಥೆಂಥವರಿಗೂ ಕೂತಲ್ಲೇ ಚಳ್ಳೆಹಣ್ಣು ತಿನ್ನಿಸಿಬಿಡೋಳು.’ ಒಂದು ಸಾಲು ಎರಡಾಯಿತು, ಇರಲಿ.

ರಾತ್ರಿ ಅಮ್ಮನಿಗೆ ಓದಿದೆ. ಅವರು ನಕ್ಕರು. ‘ನಮ್ಮತ್ತೆನೂ ಹಿಂಗೇ ಇದ್ರು 

ಕಣೇ’ ಅಂದರು. ನಾನು ಹುಟ್ಟುವ ಮುಂಚಿನ ಮಾತು. ಹಾಲಿನವನು ದಿನಾ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದ ಗೀಟು ಎಳೆದು ಹೋಗುತ್ತಿದ್ದನಂತೆ. ಅಜ್ಜಿ ಏನೂ ಮಾತಾಡದೆ ದಿನಕ್ಕೊಂದು ಹುಣಸೆಬೀಜ ಡಬ್ಬಿಗೆ ಹಾಕುತ್ತಿದ್ದರಂತೆ. ತಿಂಗಳ ಕೊನೆಗೆ ಗೀಟು ನಾಲ್ಕು ಜಾಸ್ತಿ ಇರುತ್ತಿದ್ದವು. ಅಜ್ಜಿ ಜಗಳ ಆಡುತ್ತಿರಲಿಲ್ಲ. ಅವನಿಗೆ ಮಣೆ ಹಾಕಿ, ಮಜ್ಜಿಗೆ ಕೊಟ್ಟು, ‘ನನಗೆ ಕಣ್ಣು ಕಾಣಲ್ಲಪ್ಪ, ಈ ಬೀಜ ಸ್ವಲ್ಪ ಎಣಿಸಿಕೊಡು’ ಅಂತ ಡಬ್ಬಿಯನ್ನು ಅವನ ಮುಂದೆ ಇಡುತ್ತಿದ್ದರಂತೆ.